ನಾಲ್ಕು ಬೆರಳಗಲದ ಜೋಡಿ ದೀಪ

ಮಂಗಳವಾರ ಮಧ್ಯಾಹ್ನ ಪಕ್ಕದ ಮನೆಯ ಗ್ಯಾರೇಜಿನಿಂದ ಡಾಕ್ಟರ್ ಹೇಮಚಂದ್ರನ ಕೂಗು ಕೇಳಿದಾಗ ಜಯರಾಮರು ಹಿತ್ತಲಿನಲ್ಲಿ ಒದ್ದೆ ಟವೆಲನ್ನು ಎರಡನೇ ಸಲ ಹಿಂಡುತ್ತಿದ್ದರು.

"ಯಾರು ಮುಟ್ಟಿದ್ದು ಇದನ್ನ? ಪೆಟ್ಟಿಗೆ ಇದೆ, ದೀಪ ಎಲ್ಲಿ?"

ಜಯರಾಮರು ಟವೆಲನ್ನು ಹಾಗೇ ಹಿಡಿದು ನಿಂತರು. ಹತ್ತು ತಿಂಗಳಿಂದ ಆ ಮನೆಯ ಪಕ್ಕದಲ್ಲಿದ್ದರೂ ಡಾಕ್ಟರು ದನಿ ಎತ್ತಿದ್ದನ್ನು ಅವರು ಕೇಳಿರಲಿಲ್ಲ. ಎರಡು ಸಾವಿರದ ಇಪ್ಪತ್ತೊಂದರ ಜನವರಿ ಅದು. ಕೊರೊನಾದಿಂದ ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದವು. ಡಾಕ್ಟರು ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಬರುವರು, ಯಾರೊಡನೆಯೂ ಮಾತಿಲ್ಲದೆ ಮಲಗುವರು, ಮಧ್ಯಾಹ್ನ ಎದ್ದು ಗ್ಯಾರೇಜು ಸೇರುವರು. ಅಲ್ಲಿ ಮಾತ್ರ ಆ ಮನುಷ್ಯ ಶಿಳ್ಳೆ ಹಾಕುತ್ತಿದ್ದ. ಇಂದು ಶಿಳ್ಳೆ ಇರಲಿಲ್ಲ.

ಜಯರಾಮರು ಒಳಗೆ ಹೋಗಿ ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು ಕರೆದರು. "ಬೀಗರೇ, ಬನ್ನಿ. ನಿಮ್ಮ ದೀಪ ಕಳುವಾಗೈತೆ."

ಬೀಗರು ಅಂದರೆ ಗುಂಡಪ್ಪನವರು. ಜಯರಾಮರ ಮಗ ದರ್ಶನ್, ಗುಂಡಪ್ಪನವರ ಮಗಳು ಐಶು, ಈ ಇಬ್ಬರ ಮಗುವಿನ ನಾಮಕರಣಕ್ಕೆಂದು ಹಿರಿಯರಿಬ್ಬರೂ ಹೋದ ಫೆಬ್ರವರಿಯ ಕೊನೆಗೆ ಐರ್ಲೆಂಡಿನ ಲೂಕನ್ನಿಗೆ ಬಂದವರು, ವಿಮಾನ ನಿಂತು ಇಲ್ಲೇ ಉಳಿದರು. ಇಬ್ಬರಿಗೂ ಹೆಂಡಿರು ತೀರಿಕೊಂಡಿದ್ದರು. ಇಬ್ಬರಿಗೂ ಒಂದೇ ಕೋಣೆ. ಜಯರಾಮರು ತಿಪಟೂರಿನ ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ಗಂಟೆ ಹೊಡೆದವರು. ಓದಿದ್ದು ನಾಲ್ಕನೇ ಕ್ಲಾಸು, ಆದರೆ ಕಂಡದ್ದು ಮರೆಯುವವರಲ್ಲ. ಗುಂಡಪ್ಪನವರು ರಾಣೆಬೆನ್ನೂರಿನ ಹೆದ್ದಾರಿಯಲ್ಲಿ ನಲವತ್ತು ವರ್ಷ ಲಾರಿ ಬಸ್ಸುಗಳಿಗೆ ವೈರಿಂಗು ಮಾಡಿದವರು. ಎಲ್ಲೋ ಒಂದು ಕಡೆ ಕರೆಂಟು ಸೋರುತ್ತಿದೆ ಅಂದರೆ ಅದು ಎಲ್ಲಿ ಎಂದು ಹುಡುಕುವುದು ಅವರ ಹುಟ್ಟುಗುಣ. ಈ ಬಡಾವಣೆಯಲ್ಲಿ ಅವರ ಹೆಸರು ಆಗಲೇ ಪತ್ತೇದಾರ ಎಂದಾಗಿತ್ತು. ಒಂದೇ ಬೆಕ್ಕು ಎರಡು ಮನೆಯಲ್ಲಿ ಎರಡು ಹೆಸರಿನಿಂದ ಎರಡೂ ಹೊತ್ತು ಉಣ್ಣುತ್ತಿದ್ದುದನ್ನು ಪತ್ತೆ ಹಚ್ಚಿದವರು ಅವರೇ.

ಬಗೆಹರಿಯದ ಕೇಸು ಅಂತ ಇದ್ದದ್ದು ಒಂದೇ. ಜಯರಾಮರು ರಿಟೈರಾದಾಗ ಮೇಷ್ಟರುಗಳು ಕೊಟ್ಟ, ಕೆಂಪು ಮುಚ್ಚಳದ ಫ್ಲಾಸ್ಕು ಹೋದ ಜೂನ್‌ನಲ್ಲಿ ಮನೆಯೊಳಗಿನಿಂದಲೇ ಮಾಯವಾಗಿತ್ತು. ಆ ಮಾತು ಎತ್ತಿದಾಗಲೆಲ್ಲ ಗುಂಡಪ್ಪನವರು ಕೆಮ್ಮುವರು, ಜಯರಾಮರಿಗೆ ಒಳಗೊಳಗೇ ಒಂದು ಸುಖ.

"ಫ್ಲಾಸ್ಕಿನ ಹಂಗೆ ಆಗ್ಬಾರ್ದು ಈ ಕೇಸು," ಎಂದರು ಜಯರಾಮರು ಈಗಲೂ.

ಗುಂಡಪ್ಪನವರು ಕೆಮ್ಮಿ, ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು ಹಿತ್ತಲಿಗೆ ನಡೆದರು.

ಎರಡು ಹಿತ್ತಲ ನಡುವಿನ ಮರದ ಬೇಲಿಯಲ್ಲಿ ಒಂದು ಹಲಗೆ ಬಿರುಗಾಳಿಗೆ ಬಿದ್ದು ಎದೆಮಟ್ಟದ ಕಿಂಡಿಯಾಗಿತ್ತು. ಒಬ್ಬರ ಮನೆಗೊಬ್ಬರು ಹೋಗಬಾರದೆಂಬ ಕಾಲದಲ್ಲಿ ಆ ಕಿಂಡಿಯೇ ಎರಡೂ ಮನೆಯ ಹೆಬ್ಬಾಗಿಲು. ಅದರಾಚೆ ಹೇಮಚಂದ್ರ ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದ. ಹಿಂದೆ ಹೆಂಡತಿ ವನಜಾ, ಕಿವಿಗೆ ಆಫೀಸಿನ ಹೆಡ್‌ಫೋನು ಹಾಗೇ ಇತ್ತು. ಅಡುಗೆಮನೆಯ ಬಾಗಿಲಲ್ಲಿ ವನಜಾಳ ತಾಯಿ ಸಾವಿತ್ರಮ್ಮ. ಅವರೂ ಮೂರು ತಿಂಗಳಿಗೆಂದು ಬಂದು ಸಿಕ್ಕಿಕೊಂಡವರೇ.

"ಅಂಕಲ್, ಭಾನುವಾರ ನಿಮಗೆ ತೋರಿಸಿ ಗ್ಯಾರೇಜಿನ ಶೆಲ್ಫಲ್ಲಿ ಇಟ್ಟಿದ್ದೆ. ಇವತ್ತು ಕೂರಿಸೋಣ ಅಂತ ತೆಗೆದ್ರೆ ಇಲ್ಲ."

"ಪೆಟಗಿ ಕೊಡ್ರಿ ಇಲ್ಲೆ."

ಆ ದೀಪಕ್ಕಾಗಿ ಡಾಕ್ಟರು ಎಷ್ಟು ಕಾದಿದ್ದನೆಂಬುದು ಜಯರಾಮರಿಗೆ ಗೊತ್ತಿತ್ತು. ಅವನದು ಬಿಡಿಬಿಡಿಯಾಗಿ ಡಬ್ಬಗಳಲ್ಲಿ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ಕಾರು. ಇಲ್ಲಿನವರು ಅದನ್ನು ಕಿಟ್ ಕಾರು ಎನ್ನುತ್ತಾರೆ. ಎರಡೇ ಸೀಟು, ಬಾಗಿಲಿಲ್ಲ, ಮೂತಿ ಹೆಗ್ಗಣದ ಮೂತಿಯಂತೆ ಉದ್ದ, ಕಿರಿದು. ಊರಾಚೆಯ ಕತ್ತಲ ರಸ್ತೆಗೆ ಅದರ ಹೆಡ್‌ಲೈಟು ಸಾಲದು, ಮುಂದೆ ಇನ್ನೊಂದು ಜೊತೆ ದೀಪ ಬೇಕು. ಯಾವ ದೀಪ ಎಂಬುದರ ಮೇಲೆ ಮೂರು ತಿಂಗಳು ಈ ಕಿಂಡಿಯಲ್ಲಿ ಜಗಳ ನಡೆದಿತ್ತು. ಹೇಮಚಂದ್ರನಿಗೆ ಹಳೆಯ ರ‍್ಯಾಲಿ ಕಾರುಗಳಂತೆ ಊಟದ ತಟ್ಟೆಯಗಲದ ದೀಪ ಬೇಕು. ಅವನ ಮನೆಯ ಸಣ್ಣ ಕೋಣೆಯಲ್ಲಿ ಬಾಡಿಗೆಗಿದ್ದ ಆಕಾಶನಿಗೆ ಮೂತಿಗೆ ಅಡ್ಡಡ್ಡ ಎಲ್‌ಇಡಿ ಪಟ್ಟಿ ಬೇಕು. ಗುಂಡಪ್ಪನವರು ಇಬ್ಬರಿಗೂ ರಟ್ಟನ್ನು ದುಂಡಗೆ ಕತ್ತರಿಸಿ ಕಾರಿನ ಮೂತಿಗೆ ಅಂಟಿಸಲು ಹೇಳಿ, ದೂರ ನಿಂತು ನೋಡಿದ್ದರು.

"ತಾಟಿನಷ್ಟು ದೊಡ್ಡದಿಟ್ರ ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರಬೇಕ್ರಿ? ತೂಕದ ದೀಪಾನ ತೆಳು ಪೈಪಿಗೆ ಕಟ್ಟಿದ್ರ ಬೆಳಕು ನಡುಗತೈತಿ. ನಡುಗೋ ಬೆಳಕಿನ್ಯಾಗ ಗುಂಡಿ ಕಾಣಂಗಿಲ್ಲ. ನಾಲ್ಕು ಬೆರಳಗಲ ಸಾಕು. ಗಾಜಿನ ಮ್ಯಾಲೆ ಸುತ್ತಿನೊಳಗ ಇ ಗುರುತು ಇರಬೇಕು, ಇಲ್ಲಾಂದ್ರ ತಪಾಸಣಿಯವ ಒಪ್ಪಂಗಿಲ್ಲ. ಕೆಳಗೊಂದು ಉಸಿರುತೂತು ಇರತೈತಿ, ಅದು ನೆಲ ನೋಡಬೇಕು. ಮುಗಿಲು ನೋಡ್ತು ಅಂದ್ರ ನೀರು ಒಳಗ ಇಳೀತು, ಕತಿ ಮುಗೀತು."

ಕೊನೆಗೆ ಆಕಾಶನೇ ಜರ್ಮನಿಯ ಅಂಗಡಿಯೊಂದನ್ನು ಹುಡುಕಿ ಆರ್ಡರು ಹಾಕಿದ. ಶನಿವಾರ ಪಾರ್ಸೆಲ್ಲು ಬಂತು. ಅದನ್ನೂ ಇಪ್ಪತ್ತು ಕೆ.ಜಿ. ಸೋನಾ ಮಸೂರಿ ಮೂಟೆಯನ್ನೂ ಒಟ್ಟಿಗೇ ಒಳಗೆ ಹೊತ್ತವನು ಅವನೇ. ಭಾನುವಾರ ಮಧ್ಯಾಹ್ನ ಹೇಮಚಂದ್ರ ಹಸುಗೂಸನ್ನು ಎತ್ತಿದಂತೆ ಎರಡು ದೀಪಗಳನ್ನು ಕಿಂಡಿಯಲ್ಲಿ ಎತ್ತಿ ತೋರಿಸಿದ. ಎಂಟು ವರ್ಷದ ಮಗಳು ಚಿನ್ಮಯಿ, ಜೊತೆಗಿದ್ದ ಮಡಿಕೆ ಕಾಗದವನ್ನು ಬಿಡಿಸಿ ಇಲ್ಲಿನ ರಾಗದ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದಳು. ಬಳಿಕ ಎಲ್ಲ ಪೆಟ್ಟಿಗೆ ಸೇರಿತ್ತು.

ಈಗ ಗುಂಡಪ್ಪನವರು ಪೆಟ್ಟಿಗೆಯೊಳಗೆ ಮೂಗಿಟ್ಟರು. ದೀಪ ಹಿಡಿದಿಡುವ ಕಬ್ಬಿಣದ ಕೊಂಡಿ, ನಟ್ಟು, ವೈರಿನ ಸುರುಳಿ, ಸ್ವಿಚ್ಚಿನ ರಿಲೇ, ಎಲ್ಲ ಇದ್ದವು. ದೀಪ ಕೂರುವ ಎರಡು ಗುಳಿ ಮಾತ್ರ ಖಾಲಿ.

"ವಾಸನಿ ನೋಡ್ರಿ ಬೀಗರ."

ಜಯರಾಮರು ಮೂಸಿದರು. "ಡೆಟಾಲು."

"ನಮ್ಮನೇಲಿ ಎಲ್ಲಕ್ಕೂ ಅದೇ ವಾಸನೆ ಅಂಕಲ್," ಎಂದಳು ವನಜಾ ಬೇಸರದಿಂದ. "ಅಮ್ಮ ಬಾಳೆಹಣ್ಣೂ ತೊಳೀತಾರೆ, ಬ್ಯಾಂಕಿನ ಲೆಟರೂ ಒರೆಸ್ತಾರೆ."

ಅದು ಹೌದು. ಆ ಮನೆಯ ಬಟ್ಟೆ ತಂತಿಯೇ ಒಂದು ನೋಟ. ನಿನ್ನೆ ಸೋಮವಾರ ಬೆಳಗ್ಗೆ ಎಂಟಕ್ಕೆ ಅದು ಖಾಲಿ, ಹತ್ತಕ್ಕೆ ಜಯರಾಮರು ಮತ್ತೆ ಕಂಡಾಗ ಅಲ್ಲಿ ಕ್ಲಿಪ್ಪಿಗೆ ಸಿಕ್ಕಿ ನೇತಾಡುತ್ತಿದ್ದದ್ದು ಬ್ರೆಡ್ಡಿನ ಕವರು, ಎರಡು ಲಕೋಟೆ, ಗೂಬೆಯ ಕಣ್ಣಿನಂಥ ಎರಡು ಸುತ್ತಿನ ಚಿತ್ರವಿದ್ದ ಒಂದು ಕಾಗದ, ನಾಲ್ಕು ಮಾಸ್ಕು. ಸಾವಿತ್ರಮ್ಮನ ಊರಿನ ಮಡಿಗೆ ಈ ಕಾಯಿಲೆಯ ಭಯವೂ ಸೇರಿಕೊಂಡು, ಅವರ ಕೈಬೆರಳು ನೀರಲ್ಲಿ ನೆಂದು ಒಣದ್ರಾಕ್ಷಿಯಂತೆ ಸುಕ್ಕಾಗಿದ್ದವು.

"ಗ್ಯಾರೇಜಿನ ಕೀಲಿ ಯಾರ್ಯಾರ ಹತ್ರ ಐತಿ?"

"ನನ್ನ ಹತ್ರ. ಇನ್ನೊಂದು ಆಕಾಶನ ಹತ್ರ, ಅವನ ಸೈಕಲ್ ಅಲ್ಲೇ ಇರುತ್ತೆ," ಎಂದು ಹೇಮಚಂದ್ರ ತಡೆದ. "ಅಡುಗೆಮನೆ ಕಡೆಯಿಂದ ಇನ್ನೊಂದು ಬಾಗಿಲಿದೆ. ಅದಕ್ಕೆ ಬೀಗ ಇಲ್ಲ. ಆದ್ರೆ ಅಲ್ಲಿ ನಾವೇ ಇರೋದಲ್ವಾ?"

ಗುಂಡಪ್ಪನವರು ಪೆಟ್ಟಿಗೆಯನ್ನು ಕಿಂಡಿಯಲ್ಲಿ ಹಿಂದಕ್ಕೆ ಕೊಟ್ಟರು.

ಬುಧವಾರ ಬೆಳಗ್ಗೆಗೆ ಕಳ್ಳನ ಹೆಸರು ಆ ಮನೆಯಲ್ಲಿ ಗಟ್ಟಿಯಾಯಿತು. ಬಾಗಿಲ ಬಳಿಯ ಬುಟ್ಟಿಯಲ್ಲಿ ವನಜಾಗೆ ಒಂದು ರೈಲು ಟಿಕೆಟು ಸಿಕ್ಕಿತು. ಸೋಮವಾರದ್ದು, ದೂರದ ಅತ್ಲೋನ್ ಊರಿಗೆ ಹೋಗಿಬರುವ ಟಿಕೆಟು. ಐದು ಕಿಲೋಮೀಟರು ದಾಟಬಾರದೆಂಬ ದಿನಗಳಲ್ಲಿ ಆಕಾಶ ಏಳೂವರೆಗೇ ದೊಡ್ಡ ಬ್ಯಾಗು ಬೆನ್ನಿಗೇರಿಸಿ ಹೋಗಿ ಸಂಜೆ ಬಂದಿದ್ದ. ಕೇಳಿದರೆ ಆಫೀಸಿನ ಕೆಲಸವೆಂದ. ಅವನ ಆಫೀಸು ಇರುವುದು ಡಬ್ಲಿನ್ನಿನಲ್ಲಿ, ಅದೂ ಬಾಗಿಲು ಹಾಕಿ ಹತ್ತು ತಿಂಗಳಾಗಿತ್ತು.

"ಭಾನುವಾರ ಸಂಜೆಯೊಳಗೆ ರೂಮು ಖಾಲಿ ಮಾಡು," ಎಂದನಂತೆ ಹೇಮಚಂದ್ರ. ಕೂಗಲಿಲ್ಲವಂತೆ. ಅದೇ ಹೆಚ್ಚು ಭಯವಾಯಿತು ಎಂದು ಆಕಾಶ ಮನೆ ಮುಂದೆ ಸೈಕಲು ಹಿಡಿದು ನಿಂತು ಜಯರಾಮರಿಗೆ ಹೇಳಿದ.

"ಎಲ್ಲಿಗೋಗ್ತೀಯಪ್ಪ ಈ ಕಾಲದಲ್ಲಿ?"

"ಗೊತ್ತಿಲ್ಲ ಅಂಕಲ್. ರೂಮು ತೋರಿಸೋರೇ ಇಲ್ಲ ಈಗ. ಅಪ್ಪನಿಗೆ ಫೋನಲ್ಲಿ ಇಲ್ಲಿನೋರ ಹಾಗೆ 'ಎಲ್ಲ ಗ್ರ್ಯಾಂಡ್', ಚೆನ್ನಾಗಿದೆ ಅಂದೆ." ಅವನು ಸೈಕಲಿನ ಬೆಲ್ಲು ಸುಮ್ಮನೆ ಒತ್ತಿದ, ಅದು ಕಿರ್ರೆಂದಿತು. "ರೂಮು ಹೋಗ್ಲಿ. ಕಳ್ಳ ಅನ್ನಿಸ್ಕೊಂಡು ಹೋಗ್ಬೇಕಲ್ಲ. ನಮ್ಮ ಕಡೆಯೋರು ಇರೋದೇ ಇಷ್ಟು, ನಾಳೆ ಪಕ್ಕದ ಆಡಮ್ಸ್‌ಟೌನಿಗೂ ಗೊತ್ತಾಗುತ್ತೆ."

"ಮತ್ತೆ ಅತ್ಲೋನಿಗೆ ಯಾಕೋಗಿದ್ದೆ, ನಿಜ ಹೇಳ್ಬಿಡು."

ಆಕಾಶ ತಲೆ ತಗ್ಗಿಸಿದ. "ಅದು ಹೇಳಿದ್ರೆ ಇವತ್ತೇ ಹೊರಗೆ ಹಾಕ್ತಾರೆ."

ಗುರುವಾರ ಸಂಕ್ರಾಂತಿ. ಕಿಂಡಿಯಲ್ಲಿ ಸಾವಿತ್ರಮ್ಮ ಎಳ್ಳುಬೆಲ್ಲದ ಡಬ್ಬಿಯನ್ನೂ ಒಂದು ಪಾತ್ರೆಯನ್ನೂ ಇಟ್ಟು ಎರಡು ಮಾರು ಹಿಂದೆ ಸರಿದು ನಿಂತರು. ಪಾತ್ರೆಯಲ್ಲಿ ಶಾವಿಗೆ ಪಾಯಸ.

"ಒಳ್ಳೆ ಮಾತಾಡಿ," ಎಂದವರು ಮುಂದೆ ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಒಳಗೆ ಹೋದರು. ಬಳಿಕ ಸಂಜೆಯವರೆಗೂ ಆ ಹೆಂಗಸು ಹಿತ್ತಲಲ್ಲಿ ಸುತ್ತಿದ್ದೇ ಸುತ್ತಿದ್ದು. ಬೇಲಿಯಿಂದ ತಂತಿಯ ಕಂಬ, ಕಂಬದಿಂದ ಬೇಲಿ. ಕಾಲಿಗೆ ಸಾಕ್ಸು ಒಂದೊಂದು ಬಣ್ಣ. ಇತ್ತ ಕೋಣೆಯಲ್ಲಿ ಗುಂಡಪ್ಪನವರೂ ಹಾಗೇ: ಮೂರು ಹೆಜ್ಜೆ, ತಿರುಗು, ಮೂರು ಹೆಜ್ಜೆ, ತಿರುಗು. ನಡುವೆ ಫೋನು ತೆಗೆದು ಯಾರಿಗೋ ಮಾಡುವರು, ಇಡುವರು. ಆ ಫೋನು ದೀಪಾವಳಿಯ ಹೊತ್ತಿಗೆ ಪಾತ್ರೆ ತೊಳೆಯುವ ನೀರಿಗೆ ಬಿದ್ದು, ಸಾವಿತ್ರಮ್ಮನ ಮಾತಿನಂತೆ ಮೂರು ದಿನ ಅಕ್ಕಿಯಲ್ಲಿ ಹೂತಿದ್ದು ಬದುಕಿತ್ತು, ಅಂದಿನಿಂದ ಅದರ ದನಿ ಮಾತ್ರ ಗೊಗ್ಗರು. ಜಯರಾಮರು ನಡುವಿನ ಮಂಚದ ಮೇಲೆ ಕಾಲು ಮಡಿಚಿ ಕೂತು ಎಡಗಡೆ ಕಿಟಕಿಯಲ್ಲಿ ಅವರನ್ನು, ಬಲಗಡೆ ಇವರನ್ನು ನೋಡುತ್ತ ತಾವೇ ನಡೆದಂತೆ ದಣಿದರು.

ಶನಿವಾರ ಗುಂಡಪ್ಪನವರು ಥಟ್ಟನೆ ನಿಂತರು.

"ಬೀಗರ, ನಿಮ್ಮ ತಲಿ ಅಂದ್ರ ಹಾಜರಿ ಪುಸ್ತಕ. ಹೋದ ಭಾನುವಾರದಿಂದ ಆ ಮನಿಯಿಂದ ನಮಗ ಏನೇನು ಬಂತು, ಹೇಳ್ರಿ."

"ತಿನ್ನೋದಾ? ಭಾನುವಾರ ಬಿಸಿಬೇಳೆ ಬಾತು. ಸೋಮವಾರ ಏನೂ ಬರ್ಲಿಲ್ಲ. ಮಂಗಳವಾರ ಚಪಾತಿ. ಬುಧವಾರ ಅವರೆಕಾಳು ರಾಗಿ ರೊಟ್ಟಿ. ಗುರುವಾರ ಎಳ್ಳುಬೆಲ್ಲ, ಶಾವಿಗೆ ಪಾಯಸ. ನಿನ್ನೆ ಉಪ್ಪಿಟ್ಟು, ಅದಕ್ಕೆ ಉಪ್ಪು ಇರ್ಲಿಲ್ಲ."

"ಸೋಮವಾರ ಮುಂಜಾನೆ ಅವರ ತಂತಿ ಮ್ಯಾಲೆ?"

ಜಯರಾಮರು ಕಣ್ಣು ಮುಚ್ಚಿ ಕ್ಲಿಪ್ಪು ಕ್ಲಿಪ್ಪಾಗಿ ಹೇಳಿದರು. ಗೂಬೆ ಕಣ್ಣಿನ ಕಾಗದಕ್ಕೆ ಬಂದಾಗ ಗುಂಡಪ್ಪನವರು ಮಂಚದ ಅಂಚಿಗೆ ಕುಸಿದು ಕೂತರು.

"ಕಳ್ಳ ಸಿಕ್ನಾ?"

"ಸಿಕ್ರು."

"ಮತ್ತೆ ಮುಖ ಯಾಕೆ ಹಿಂಗಾಯ್ತು?"

"ವೈರು ಸುಟ್ಟಿದ್ದು ಎಲ್ಲಿ ಅಂತ ಗೊತ್ತಾದ್ರ ಸಾಲದು ಬೀಗರ. ಬಿಚ್ಚೂವಾಗ ಶಾಕ್ ಹೊಡೀಬಾರದು," ಎಂದರು ಗುಂಡಪ್ಪನವರು. ಆ ದಿನ ಅವರು ಸರಿಯಾಗಿ ಉಣ್ಣಲಿಲ್ಲ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಕಿಂಡಿಯ ಆಚೀಚೆ ಸೇರಿದರು. ಆಚೆ ಹೇಮಚಂದ್ರ, ವನಜಾ, ಚಿನ್ಮಯಿ, ಸಾವಿತ್ರಮ್ಮ. ಮೂಲೆಯಲ್ಲಿ ಆಕಾಶ, ಕಾಲ ಬಳಿ ಕಟ್ಟಿದ ಎರಡು ಸೂಟ್‌ಕೇಸು. ಈಚೆ ಹಿರಿಯರಿಬ್ಬರೇ, ಗುಂಡಪ್ಪನವರು ಹಾಲಿನ ಪ್ಲಾಸ್ಟಿಕ್ ಕ್ರೇಟಿನ ಮೇಲೆ ನಿಂತಿದ್ದರು. ಎಲ್ಲರ ಮಾಸ್ಕಿನಿಂದಲೂ ಹಬೆ ಏಳುತ್ತಿತ್ತು.

"ಬೇಗ ಹೇಳಿ ಅಂಕಲ್," ಎಂದ ಹೇಮಚಂದ್ರ. "ಆರಕ್ಕೆ ನಾನು ಡ್ಯೂಟಿಗೆ ಹೋಗ್ಬೇಕು."

"ಮೊದಲು ಈ ಹುಡುಗಂದು. ಆಕಾಶ, ಸೋಮವಾರ ಆ ಬ್ಯಾಗಿನೊಳಗ ಏನಿತ್ತು? ಹೇಳಪಾ, ಇನ್ನ ಮುಚ್ಚಿಟ್ಟು ಉಳಿಸಿಕೊಳ್ಳೋದು ಏನೂ ಇಲ್ಲ."

ಆಕಾಶ ಸೂಟ್‌ಕೇಸನ್ನು ನೋಡುತ್ತ ಹೇಳಿದ. "ಸಾರಿನ ಪುಡಿ, ಔಷಧಿ, ಬ್ರೆಡ್ಡು. ಪ್ರಕೃತಿ ಅಂತ, ನನ್ನ ಎಂಎಸ್‌ಸಿ ಕ್ಲಾಸ್‌ಮೇಟು. ಅತ್ಲೋನಲ್ಲಿ ಒಬ್ಳೇ ಇದ್ದಾಳೆ. ಅವಳಿಗೆ ಪಾಸಿಟಿವ್ ಬಂತು. ಬಾಗಿಲ ಹೊರಗೆ ಇಟ್ಟು, ಕಿಟಕೀಲಿ ಕೈ ಬೀಸಿ ಬಂದೆ. ಮುಟ್ಟಿಲ್ಲ, ಹತ್ರ ಹೋಗಿಲ್ಲ. ಆದ್ರೆ ಹೇಮಣ್ಣ, ನೀವು ಐಸಿಯುನಲ್ಲಿ ಇರೋರು. ಪಾಸಿಟಿವ್ ಮನೆ ಬಾಗಿಲಿಗೆ ಹೋಗಿದ್ದೆ ಅಂದ್ರೆ..."

ಹೇಮಚಂದ್ರ ಅವನನ್ನೇ ನೋಡಿದ. "ಈಗ ಹೇಗಿದ್ದಾಳೆ?" ಎಂದ, ಡಾಕ್ಟರ ದನಿಯಲ್ಲಿ.

"ಪರವಾಗಿಲ್ಲ. ಜ್ವರ ಇಳಿದಿದೆ."

"ಅವ ಹೇಳಿದ್ದನ್ನ ನಂಬಬೇಕು ಅಂತ ನಾ ಹೇಳಂಗಿಲ್ಲ," ಎಂದರು ಗುಂಡಪ್ಪನವರು. "ಸಾಕ್ಷಿ ನೋಡ್ರಿ. ಮಾರೋ ಕಳ್ಳ ಕೊಂಡಿ, ರಿಲೇ, ವೈರು ಬಿಟ್ಟು ಬರೇ ದೀಪ ಒಯ್ಯಂಗಿಲ್ಲ. ಪೆಟಗಿ ಸಮೇತ ಒಯ್ದ್ರ ಪೂರಾ ರೇಟು. ಆಕಾಶಗ ಇದು ಚಲೋ ಗೊತ್ತು, ಆರ್ಡರು ಹಾಕಿದವನ ಅವ. ಎರಡನೇದು, ಕಾಗದ. ಚಿನ್ನಿ, ಭಾನುವಾರ ನೀ ಓದಿದ ಕಾಗದದ ಮ್ಯಾಲೆ ಏನು ಚಿತ್ರ ಇತ್ತು?"

"ಟೂ ಬಿಗ್ ಸರ್ಕಲ್ಸ್," ಎಂದಳು ಚಿನ್ಮಯಿ. "ಲೈಕ್ ಆನ್ ಔಲ್."

"ಕೇಳಿದ್ರಿ? ಅದು ಭಾನುವಾರ ಸಂಜಿಗೆ ಪೆಟಗಿಯೊಳಗಿತ್ತು. ಸೋಮವಾರ ಮುಂಜಾನೆ ಎಂಟಕ್ಕ ನಿಮ್ಮ ತಂತಿ ಖಾಲಿ ಇತ್ತು, ಹತ್ತಕ್ಕ ನಮ್ಮ ಬೀಗರು ಅದನ್ನ ಆ ತಂತಿ ಮ್ಯಾಲೆ ನೋಡ್ಯಾರ. ಅಂದ್ರ ಆ ನಡುವ ಪೆಟಗಿ ಬಿಚ್ಚಿ, ಒಂದೊಂದನ್ನ ತಗದು ಒರಸ್ಯಾರ. ಡೆಟಾಲು ವಾಸನಿ ಅದರದು. ಆಕಾಶ ಹೋದದ್ದು ಏಳೂವರಿಗೆ. ಅವ ದೀಪ ಒಯ್ದಿದ್ರ, ಆಮ್ಯಾಲೆ ಪೆಟಗಿ ಬಿಚ್ಚಿದವರಿಗೆ ಖಾಲಿ ಗುಳಿ ಕಾಣತಿತ್ತು. ಅವತ್ತ ಗುಲ್ಲಾಗತಿತ್ತು. ಆಗಲಿಲ್ಲ. ಯಾಕಂದ್ರ ಹತ್ತು ಗಂಟೆಗೆ ದೀಪ ಮನಿಯೊಳಗ ಇದ್ದವು."

ವನಜಾಳ ಕಣ್ಣು ಮೆಲ್ಲಗೆ ತಾಯಿಯ ಕಡೆ ತಿರುಗತೊಡಗಿತು. ಗುಂಡಪ್ಪನವರು ಅದನ್ನು ಕಂಡು ಕೈ ಎತ್ತಿದರು.

"ತಡೀರಿ. ಇನ್ನ ಒಂದು ಐತಿ. ಶನಿವಾರ ಆ ಮನಿಗೆ ಇಪ್ಪತ್ತು ಕೆ.ಜಿ. ಅಕ್ಕಿ ಬಂತು. ಸೋಮವಾರದಿಂದ ಅಲ್ಲಿ ಅನ್ನ ಆಗಿಲ್ಲ. ಚಪಾತಿ, ರೊಟ್ಟಿ, ಉಪ್ಪಿಟ್ಟು. ಅದನ್ನೂ ಬಿಡ್ರಿ. ಅಕ್ಕಿ ತುಂಬಿದ ಮನಿಯೊಳಗ ಸಂಕ್ರಾಂತಿ ದಿನ ಸಿಹಿ ಪೊಂಗಲ್ ಆಗಲಿಲ್ಲ! ಶಾವಿಗಿ ಪಾಯಸ ಬಂತು. ಅಕ್ಕಿ ಡ್ರಮ್ಮಿನ ಮುಚ್ಚಳ ತಗೀಲಿಕ್ಕೆ ಬರದಂಗ ಏನೋ ಆಗೈತಿ. ಅದರೊಳಗ ಏನೋ ಒಣಗಾಕ ಇಟ್ಟೈತಿ. ನನ್ನ ಫೋನು ಒಣಗಿದ ಹಂಗ."

ಸಾವಿತ್ರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು, ಸುತ್ತುತ್ತಿದ್ದರು.

"ಇನ್ನ ಹೆಸರು ಹೇಳೋದು ಬಾಕಿ," ಎಂದು ಗುಂಡಪ್ಪನವರು ಕ್ರೇಟಿನಿಂದ ಕೆಳಗಿಳಿದರು. ಮಾಸ್ಕು ಸರಿಮಾಡಿಕೊಂಡರು. ಕಿಂಡಿಗೆ ಬೆನ್ನು ಹಾಕಿ ಜಯರಾಮರ ಎದುರು ನಿಂತರು. "ಅದಕ್ಕೂ ಮೊದಲು ನನ್ನ ಹಳೇ ಕೇಸು ಒಂದು ಮುಗಿಸಬೇಕು. ಬೀಗರ, ನಿಮ್ಮ ಫ್ಲಾಸ್ಕು ಒಡದವ ನಾನ."

ಜಯರಾಮರು ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡರು.

"ಜೂನ್‌ದಾಗ. ಬಿಸಿನೀರು ತುಂಬೂವಾಗ ಕೈ ಜಾರ್ತು. ಒಳಗಿನ ಗಾಜು ಚೂರು ಚೂರಾತು. ಹೇಳಬೇಕಂತ ಬಂದೆ, ನೀವು ಪೇಪರಿನ ಚಿತ್ರ ನೋಡ್ಕೋತ ಕುಂತಿದ್ರಿ. ನಾಲಿಗಿ ಏಳಲಿಲ್ಲ. ರಾಣೆಬೆನ್ನೂರಾಗ ನಾ ಯಾರಿಗೂ ಅಂಜಿದವ ಅಲ್ಲ. ಆದ್ರ ಇದು ಮಗಳನ್ನ ಕೊಟ್ಟ ಮನಿ. ಕೊಟ್ಟ ಮನಿಯಾಗ ತಿಂಗಳಗಟ್ಟಲೆ ಉಂಡುಕೊಂಡು ಕುಂತವರಿಗೆ ಒಂದು ಲೋಟ ಒಡದ್ರೂ ಗೋಡಿ ಬಿದ್ದಂಗ ಕೇಳತೈತಿ. ಹೇಳದ ಒಂದು ದಿನ ಹೋತು. ಎರಡನೇ ದಿನ ಹೇಳೋದು ಮೊದಲನೇ ದಿನಕ್ಕಿಂತ ಕಷ್ಟ ಆತು. ಆಮ್ಯಾಲೆ ಏಳು ತಿಂಗಳಾತು." ಅವರು ತಿರುಗದೆಯೇ ದನಿಯನ್ನು ಸ್ವಲ್ಪ ಎತ್ತಿದರು. "ನನ್ನ ಸುದ್ದಿಯಾಗ ಬ್ಯಾರೆ ಯಾರೂ ಸಿಕ್ಕಿ ಬೀಳಲಿಲ್ಲ. ಅದು ನನ್ನ ಪುಣ್ಯ. ಯಾರ ತಲಿ ಮ್ಯಾಲಾದ್ರೂ ಬಿದ್ದಿದ್ರ ಅವತ್ತ ಹೇಳತಿದ್ದೆ ಅಂತ ಅನ್ಕೊಂಡೀನಿ. ಗೊತ್ತಿಲ್ಲ."

"ಡ್ರಮ್ಮಲ್ಲಿದೆ," ಎಂದರು ಸಾವಿತ್ರಮ್ಮ.

ದನಿ ಎಷ್ಟು ಸಣ್ಣದಿತ್ತೆಂದರೆ ಚಿನ್ಮಯಿ ಮಾತ್ರ ಮೊದಲು ತಿರುಗಿ ನೋಡಿದಳು.

"ಅಕ್ಕಿ ಡ್ರಮ್ಮಲ್ಲಿದೆ. ತಳದಲ್ಲಿ. ನಾನೇ." ಈಗ ಅವರು ನಿಲ್ಲಲಿಲ್ಲ. "ಹೊರಗಿಂದ ಬಂದಿದ್ದನ್ನ ಮೂರು ದಿನ ಮುಟ್ಬಾರ್ದು ಅಂತಾರೆ, ಅದು ಬಂದು ಮೂರು ದಿನ ಆಗಿರ್ಲಿಲ್ಲ. ಎಲ್ಲರ ಕೈಗೂ ಹೋಗಿತ್ತು, ಮಗು ಬೇರೆ ಮುಟ್ಟಿತ್ತು. ಬಿಸಿನೀರಿಗೆ ಸೋಪು ಹಾಕಿ ಮುಳುಗಿಸಿ ತೊಳೆದುಬಿಟ್ಟೆ. ಎತ್ತಿದ್ರೆ ಒಳಗೆ ಗುಳುಗುಳು ಅಂತು. ಕಣ್ಣು ಕತ್ತಲೆ ಬಂತು ನಂಗೆ. ಅಳಿಯಂದ್ರೇ, ನೀವು ಅಲ್ಲಿ ದಿನಾ ಏನೇನು ನೋಡಿ ಬರ್ತೀರೋ. ನಗೋದು ಆ ಗ್ಯಾರೇಜಲ್ಲಿ ಒಂದೇ. ಅದನ್ನೂ ನಾನು ಹಾಳು ಮಾಡಿದೆ ಅಂತ ಹೇಗೆ ಹೇಳ್ಲಿ? ಮೂರು ದಿನಕ್ಕೆ ಒಣಗುತ್ತೆ, ಯಾರಿಗೂ ತಿಳಿಯದ ಹಾಗೆ ಇಟ್ಬಿಡೋಣ ಅಂದ್ಕೊಂಡೆ. ಗಾಜಿನ ಮೇಲಿನ ಮಂಜು ಹೋಗ್ಲೇ ಇಲ್ಲ. ಆ ಅಕ್ಕೀನ ಮಗುಗೆ ಹೇಗೆ ಬೇಯಿಸಿ ಹಾಕ್ಲಿ?" ಅವರು ಮೂಲೆಯತ್ತ ತಿರುಗಿದರು. "ಆಕಾಶೂ, ನಿನ್ನ ಹೆಸರು ಬಂದಾಗ ನಾನು ಬಾಯಿ ಬಿಡ್ಬೇಕಾಗಿತ್ತು. ದಿನಾ ಬಾಯಿ ತೆಗೆದೆ ಕಣಪ್ಪ. ದಿನಾ."

ಆಕಾಶ ಮಾಸ್ಕಿನ ಮೇಲೆ ಕಣ್ಣುಜ್ಜಿಕೊಂಡ. ವನಜಾ ತಾಯಿಯ ತೋಳು ಹಿಡಿದುಕೊಂಡಳು.

ಹೇಮಚಂದ್ರ ಒಳಗೆ ಹೋದ. ಅಕ್ಕಿ ಸುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಬರುವಾಗ ಮೊಣಕೈವರೆಗೆ ಬಿಳಿ ಹಿಟ್ಟು ಮೆತ್ತಿತ್ತು, ಅಂಗೈಗಳಲ್ಲಿ ಆ ಎರಡು ದೀಪಗಳು. ಕಿಂಡಿಯಲ್ಲಿ ಇಟ್ಟ. ಅವನು ಅತ್ತೆಯತ್ತ ತಿರುಗಿದ.

"ಅತ್ತೆ, ದೀಪ ಒಡೆದ್ರೆ ಇನ್ನೊಂದು ತರಿಸ್ಬಹುದು," ಎಂದ. "ನಾನು ಈ ಹುಡುಗನಿಗೆ ಆಡಿದ ಮಾತಿಗೆ ಏನು ಮಾಡ್ಲಿ?" ಆಮೇಲೆ ಅವನೇ ಹೋಗಿ ಎರಡೂ ಸೂಟ್‌ಕೇಸು ಎತ್ತಿಕೊಂಡು ಒಳಗೆ ನಡೆದ. "ಆಕಾಶ್, ಬಾರೋ. ಸಾರಿ ಕಣೋ. ಪ್ರಕೃತಿ ನಂಬರು ಕೊಡು, ನಾನೇ ಮಾತಾಡ್ತೀನಿ," ಎಂದದ್ದು ಒಳಗಿನಿಂದ ಕೇಳಿಸಿತು.

ಗುಂಡಪ್ಪನವರು ದೀಪವನ್ನು ಬೆಳಕಿಗೆ ಹಿಡಿದರು. ಗಾಜಿನೊಳಗೆ ಮಂಜಿನ ಪೊರೆ. ಕೆಳಗಿನ ಉಸಿರುತೂತಿಗೆ ಉಗುರು ಹಾಕಿದರೆ ಒಂದು ಅಕ್ಕಿಕಾಳು, ಅಳತೆ ಮಾಡಿ ಕೂರಿಸಿದ ಹಾಗೆ ಸಿಕ್ಕಿಕೊಂಡಿತ್ತು. ಇನ್ನೊಂದರಲ್ಲಿ ಎರಡು ನುಚ್ಚು.

"ನೋಡ್ರಿ ತಂಗಿ," ಎಂದರು ಸಾವಿತ್ರಮ್ಮನಿಗೆ. "ನಿಮ್ಮ ಅಕ್ಕಿನ ಬಾಗಲಾ ಹಾಕಿಬಿಟ್ಟಿತ್ತು, ನೀರು ಹೊರಗ ಹೋಗೋದು ಹೆಂಗ? ಬಿಸಿನೀರಿನ ಸಿಲಿಂಡರು ಇರೋ ಕಪಾಟಿನ್ಯಾಗ, ಬಟ್ಟಿ ಇಡತೀರಲ್ಲ, ಅಲ್ಲೆ ತೂತು ಕೆಳಗ ಮಾಡಿ ಎರಡು ದಿನ ಇಡ್ರಿ. ಏನೂ ಆಗಿಲ್ಲ."

ಬುಧವಾರ ಸಂಜೆ ನಾಲ್ಕೂವರೆಗೆ ಆಗಲೇ ಮಬ್ಬು ಕವಿದಿತ್ತು. ಗ್ಯಾರೇಜಿನ ಬಾಗಿಲು ಮೇಲಕ್ಕೆ ಸರಿಯಿತು. ಕಿರುಮೂತಿಯ ಕಾರಿನ ಮುಂದೆ, ನಾಲ್ಕು ಬೆರಳಗಲದ ಎರಡು ಕಣ್ಣು ಒಟ್ಟಿಗೆ ತೆರೆದವು. ಎದುರು ಸಾಲಿನ ಮನೆಗಳ ಕಿಟಕಿಯವರೆಗೆ ಬೆಳಕು ನಡುಗದೆ ಹೋಗಿ ನಿಂತಿತು. ಒಳಗಿನಿಂದ ಶಿಳ್ಳೆ ಕೇಳಿಸಿತು. ಅಷ್ಟರಲ್ಲಿ ಕಿಂಡಿಯಲ್ಲಿ ಸಿಹಿ ಪೊಂಗಲ್ಲಿನ ಪಾತ್ರೆ ಬಂದು ಕೂತಿತ್ತು, ಸಂಕ್ರಾಂತಿ ಮುಗಿದು ಆರು ದಿನವಾಗಿದ್ದರೂ.

ಹಿರಿಯರಿಬ್ಬರೂ ಕಾಫಿಯ ಚೊಂಬಿನೊಡನೆ ಕೋಣೆಗೆ ಬಂದರು. ಮೂರು ದಿನದಿಂದ ಗುಂಡಪ್ಪನವರು ಬೀಗರ ಮುಖವನ್ನು ನೇರ ನೋಡಿರಲಿಲ್ಲ. ಮೂರು ಹೆಜ್ಜೆ ಹಾಕಿ ತಿರುಗಿದರು.

"ಕೂತ್ಕೊಳಿ ಬೀಗರೇ, ನೆಲ ಸವೆಯುತ್ತೆ," ಎಂದರು ಜಯರಾಮರು. ಮಂಚದಡಿಯಿಂದ ತಮ್ಮ ಟ್ರಂಕು ಎಳೆದರು. ಪಂಚೆಗಳ ಕೆಳಗಿನಿಂದ ಒಂದು ಕೆಂಪು ಮುಚ್ಚಳ ತೆಗೆದು ಒರೆಸಿದರು.

ಗುಂಡಪ್ಪನವರು ಅದನ್ನು ನೋಡಿದರು, ಜಯರಾಮರನ್ನು ನೋಡಿದರು. "ಇದು... ಯಾವಾಗ?"

"ಜೂನ್ ಹದಿನಾಲ್ಕು, ಭಾನುವಾರ. ಗಾಜನ್ನ ಕಂದು ಬಿನ್ನಿಗೆ ಹಾಕಿದ್ರಲ್ಲ ಪತ್ತೇದಾರರು. ಅದು ಊಟದ ಕಸದ್ದು. ಬಿನ್ನಿನೋನು ಬೈತಾನೆ ಅಂತ ನಾನೇ ಆರಿಸಿ ತೆಗೆದೆ, ಈ ಮುಚ್ಚಳಾನೂ ಅಲ್ಲೇ ಸಿಕ್ತು."

"ಏಳು ತಿಂಗಳು ಸುಮ್ನಿದ್ರಿ? ಮ್ಯಾಲೆ ದಿನಾ ಕೆಣಕಿದ್ರಿ?"

"ಕೆಣಕೋದ್ರಲ್ಲಿ ಸುಖ ಇತ್ತು, ಸುಳ್ಳು ಯಾಕೆ ಹೇಳ್ಲಿ. ನಾನು ನೇರ ಕೇಳಿಬಿಟ್ಟಿದ್ರೆ ಮಾತ್ರ ಅವತ್ತಿಂದ ಈ ಮನೇಲಿ ನೀವು ಒಂದು ತುತ್ತು ಕಮ್ಮಿ ಉಣ್ತಿದ್ರಿ."

ಜಯರಾಮರು ಆ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಬೀಗರ ಕೈಗೆ ಕೊಟ್ಟು, ಉಳಿದದ್ದನ್ನು ತಾವು ಲೋಟಕ್ಕೆ ಹಾಕಿಕೊಂಡರು.